ಮಾಲೆ ಹಾಕಿದ ಎರಡನೇ ದಿನದ ಫಿಟ್ಸು: ಕುಡಿತದ ಚಿಕಿತ್ಸೆಯಲ್ಲಿ ಮನೋವೈದ್ಯರ ಕೆಲಸ

ನವೆಂಬರ್ ಮಧ್ಯಕ್ಕೆ ಅಯ್ಯಪ್ಪನ ಮಾಲೆ ಹಾಕುವ ಕಾಲ ಬರುತ್ತದೆ. ಅದಕ್ಕೆ ಮುಂಚೆಯೇ ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯ ರೋಗಿಗಳಿಗೂ ಅವರ ಮನೆಯವರಿಗೂ ನಾನು ಒಂದು ಮಾತು ಹೇಳಿಡುತ್ತೇನೆ: ದಿನಾ ಕುಡಿಯುವವರು ಮಾಲೆ ಹಾಕುವ ದಿನವೇ ಕುಡಿತ ನಿಲ್ಲಿಸಬಾರದು. ಹತ್ತು ದಿನ ಮುಂಚೆ ಆಸ್ಪತ್ರೆಗೆ ಬರಬೇಕು, ಮಾತ್ರೆಯ ಆಸರೆಯಲ್ಲಿ ಬಿಟ್ಟು, ಆಮೇಲೆ ಮಾಲೆ ಹಾಕಬೇಕು.

ವ್ರತದ ಬಗ್ಗೆ ನನಗೆ ತಕರಾರಿಲ್ಲ. 41 ದಿನ ಒಂದು ತೊಟ್ಟೂ ಮುಟ್ಟದೆ ಇರುವ ಶಕ್ತಿ ಎಷ್ಟೋ ಜನಕ್ಕೆ ನನ್ನ ಮಾತ್ರೆಗಿಂತ ಆ ಕಪ್ಪು ಪಂಚೆಯಿಂದಲೇ ಬರುತ್ತದೆ. ಅಪಾಯ ಇರುವುದು ಮೊದಲ ನಾಲ್ಕು ದಿನಗಳಲ್ಲಿ. ಕೊನೆಯ ಏಟು ಹಾಕಿದ 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಡವಡವ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಸನ್ನಿ, ಅಂದರೆ ದಿನ–ಜಾಗ ತಪ್ಪಿ ಇಲ್ಲದ್ದು ಕಾಣುವ ಸ್ಥಿತಿ, 48ರಿಂದ 96 ಗಂಟೆಯ ನಡುವೆ. ಭಾನುವಾರ ರಾತ್ರಿ ಕೊನೆಯ ಏಟು, ಸೋಮವಾರ ಬೆಳಗ್ಗೆ ಮಾಲೆ ಎಂದಿಟ್ಟುಕೊಳ್ಳಿ. ಸೋಮವಾರ ಪೂಜೆಯಲ್ಲಿ ಕರ್ಪೂರದ ತಟ್ಟೆ ಹಿಡಿದ ಕೈ ನಡುಗುತ್ತದೆ, ಮಂಗಳವಾರ ಫಿಟ್ಸ್, ಬುಧವಾರ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತದೆ. ಸುತ್ತಲಿನವರು ‘ಸ್ವಾಮಿ ಮೈಮೇಲೆ ಬಂದ’ ಎಂದೋ ‘ವ್ರತದಲ್ಲಿ ಏನೋ ತಪ್ಪಾಗಿದೆ’ ಎಂದೋ ತಿಳಿದು ಅರ್ಧ ದಿನ ಕಳೆದುಬಿಡುತ್ತಾರೆ. ಜೀವ ಹೋಗುವುದು ಆ ಅರ್ಧ ದಿನದಲ್ಲಿ.

ಹೀಗೆ ಯಾಕಾಗುತ್ತದೆ ಎಂದು ಮನೆಯವರಿಗೆ ವಿವರಿಸುವಾಗ ಟೊಮೇಟೊ ಲಾರಿಯ ಮಾತು ಎತ್ತುತ್ತೇನೆ. ಮದ್ಯ ಮಿದುಳಿಗೆ ಬ್ರೇಕು. ದಿನವಿಡೀ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಬೇಕೆಂದರೆ ಮಿದುಳು ಆಕ್ಸಿಲರೇಟರನ್ನು ಅಷ್ಟೇ ಜೋರಾಗಿ ತುಳಿಯುವುದನ್ನು ಕಲಿಯುತ್ತದೆ. ವರ್ಷಗಟ್ಟಲೆ ಹೀಗೆ ಓಡಿಸಿ ಒಂದು ದಿನ ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ನಡುಕ, ಫಿಟ್ಸ್, ಸನ್ನಿ ಮೂರೂ ಅದೇ ಓಟದ ಬೇರೆ ಬೇರೆ ಹಂತ. ನಾವು ಕೊಡುವ ಮಾತ್ರೆ ಇನ್ನೊಂದು ಬ್ರೇಕು. ಅದನ್ನು ದಿನಕ್ಕಿಷ್ಟು ಎಂದು ಸಡಿಲಿಸುತ್ತ ಬಂದು ಒಂದು ವಾರದಲ್ಲಿ ತೆಗೆದುಬಿಡುತ್ತೇವೆ.

ಎಷ್ಟು, ಎಷ್ಟು ಹೊತ್ತಿಗೆ

‘ಸ್ವಲ್ಪ’, ‘ಲಿಮಿಟ್ಟು’, ‘ಮೈಕೈ ನೋವಿಗೆ’ ಎಂಬ ಉತ್ತರಗಳನ್ನು ನಾನು ಬರೆದುಕೊಳ್ಳುವುದಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಈ ಲೆಕ್ಕ ಸಲೀಸಾಗಿದೆ. ಟೆಟ್ರಾ ಪ್ಯಾಕಿನ ಮೇಲೆ ಅಳತೆ ಅಚ್ಚಾಗಿರುತ್ತದೆ. ಕ್ವಾರ್ಟರ್ ಎಂದರೆ 180 ಮಿ.ಲೀ. ನಮ್ಮಲ್ಲಿನ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಮದ್ಯಸಾರ ಶೇ. 42.8, ತೂಕಕ್ಕೆ ಇಳಿಸಿದರೆ ಸುಮಾರು 61 ಗ್ರಾಂ. 10 ಗ್ರಾಂ ಮದ್ಯಸಾರಕ್ಕೆ ಒಂದು ಅಳತೆ ಎಂದು ಹಿಡಿದರೆ ಕ್ವಾರ್ಟರಿಗೆ ಆರು, ನೈಂಟಿಗೆ ಮೂರು. ‘ನಾನು ಬರೀ ಬೀರು ಸಾರ್’ ಎನ್ನುವವರಿಗೂ ಲೆಕ್ಕ ಇದೆ. 650 ಮಿ.ಲೀ. ಸ್ಟ್ರಾಂಗ್ ಬೀರು ಶೇ. 8ರದ್ದಾದರೆ 41 ಗ್ರಾಂ. ಮೂರು ಬಾಟಲಿ ಬೀರು, ಎರಡು ಕ್ವಾರ್ಟರ್ ವಿಸ್ಕಿ, ಎರಡೂ ಒಂದೇ. ಇದನ್ನು ಚೀಟಿಯ ಹಿಂದೆ ಅವರ ಎದುರೇ ಕೂಡಿ ತೋರಿಸಿದರೆ ಉಪದೇಶದ ಅಗತ್ಯ ಅರ್ಧ ಕಡಿಮೆಯಾಗುತ್ತದೆ.

ಪ್ರಮಾಣಕ್ಕಿಂತ ಹೆಚ್ಚು ತಿಳಿಸಿಕೊಡುವ ಪ್ರಶ್ನೆಗಳು ಮೂರಿವೆ. ದಿನದ ಮೊದಲ ಏಟು ಎಷ್ಟು ಹೊತ್ತಿಗೆ? ಬೆಳಗಿನ ಜಾವ ಬಂಗಾರಪೇಟೆಯಿಂದ ಬೆಂಗಳೂರಿನ ಟ್ರೈನು ಹತ್ತುವ ಮುಂಚೆ ನೈಂಟಿ ಬೇಕೇಬೇಕು ಎನ್ನುವವರ ದೇಹ ರಾತ್ರಿಯ ನಿದ್ದೆಯ ಅಂತರವನ್ನೂ ತಾಳುತ್ತಿಲ್ಲ ಎಂದರ್ಥ. ಕೊನೆಯ ಏಟು ಯಾವಾಗ? ‘ನಿನ್ನೆ’ ಸಾಲದು, ಗಂಟೆ ಬೇಕು. ಮುಂದಿನ ನಾಲ್ಕು ದಿನದ ಕ್ಯಾಲೆಂಡರ್ ಶುರುವಾಗುವುದು ಅಲ್ಲಿಂದ. ಹಿಂದೆ ಬಿಟ್ಟಾಗ ಏನಾಗಿತ್ತು? ಒಮ್ಮೆ ಫಿಟ್ಸೋ ಸನ್ನಿಯೋ ಬಂದವರಿಗೆ ಮುಂದಿನ ಸಲವೂ ಬರುವ ಸಾಧ್ಯತೆ ಹೆಚ್ಚು. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಪ್ರತಿ ಸಲದ ಕಾಟ ಜೋರಾಗುತ್ತ ಹೋಗುತ್ತದೆ. ಈ ಪ್ರಶ್ನೆಗೆ ಉತ್ತರ ಹೆಂಡತಿಯಿಂದಲೋ ತಾಯಿಯಿಂದಲೋ ಸಿಗುತ್ತದೆ. ಕುಡಿದವರಿಗೆ ಆ ದಿನಗಳ ನೆನಪೇ ಇರುವುದಿಲ್ಲ. ಆಂಧ್ರದ ಗಡಿ ಊರುಗಳವರನ್ನು ತೆಲುಗಿನಲ್ಲೇ ಕೇಳಬೇಕು. ಕನ್ನಡದಲ್ಲಿ ‘ಹೂಂ’ ಎಂದದ್ದು ತೆಲುಗಿನಲ್ಲಿ ಬೇರೆಯದೇ ಕಥೆಯಾಗಿ ಹೊರಬರುವುದುಂಟು.

ಅದೇ ಗಡಿಯ ಕಾರಣಕ್ಕೆ ಇನ್ನೊಂದನ್ನೂ ಕೇಳುತ್ತೇನೆ: ಸೇಂದಿ ಕುಡಿಯುತ್ತೀರಾ, ನಿದ್ದೆ ಮಾತ್ರೆ ನುಂಗುತ್ತೀರಾ? ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಆಲ್‌ಪ್ರಜೋಲಾಮ್‌ನಂಥ ಮತ್ತಿನ ಔಷಧಿಗಳು ಬೆರೆತಿರುತ್ತವೆ. ಅದು ನಿಂತಾಗಲೂ ಫಿಟ್ಸ್, ಸನ್ನಿ ಎರಡೂ ಬರುತ್ತವೆ, ಆದರೆ ಮದ್ಯದ ವೇಳಾಪಟ್ಟಿಯಂತೆ ಬರುವುದಿಲ್ಲ. ಐದು ದಿನ ಚೆನ್ನಾಗಿದ್ದವರಿಗೆ ಆರನೇ ದಿನ ಫಿಟ್ಸ್ ಬಂದರೆ ಮೊದಲು ಈ ದಾರಿಯಲ್ಲಿ ಹುಡುಕಬೇಕು.

ಮನೆಯಲ್ಲೋ, ವಾರ್ಡಿನಲ್ಲೋ

ಎಲ್ಲರಿಗೂ ಹಾಸಿಗೆ ಬೇಕಾಗಿಲ್ಲ. ಹಿಂದೆ ಫಿಟ್ಸ್ ಇಲ್ಲ, ಸನ್ನಿ ಇಲ್ಲ, ವಾಂತಿ ಇಲ್ಲ, ಊಟ ಸೇರುತ್ತದೆ, ಮನೆಯಲ್ಲಿ ಕುಡಿಯದ ಒಬ್ಬರು ಹಗಲೂ ರಾತ್ರಿ ಜೊತೆಗಿರುತ್ತಾರೆ, ಎರಡನೇ ಮತ್ತು ಮೂರನೇ ದಿನ ಬಂದು ತೋರಿಸಲು ಆಗುತ್ತದೆ ಎಂದರೆ ಮನೆಯಲ್ಲೇ ಮಾಡಬಹುದು. ಹಿಂದೆ ಫಿಟ್ಸ್ ಅಥವಾ ಸನ್ನಿ, ಜ್ವರ, ಕಾಮಾಲೆ, ತಲೆಗೆ ಪೆಟ್ಟು, ರಕ್ತ ವಾಂತಿ, 60 ದಾಟಿದ ವಯಸ್ಸು, ಗರ್ಭಿಣಿ, ಸಾಯುವ ಮಾತು, ಈಗಾಗಲೇ ದಿನ–ಜಾಗ ತಪ್ಪಿ ಹೇಳುವುದು ಇವುಗಳಲ್ಲಿ ಒಂದಿದ್ದರೂ ವಾರ್ಡು. ತಲೆಯ ಪೆಟ್ಟನ್ನು ಒತ್ತಿ ಹೇಳುತ್ತೇನೆ. ಕುಡಿದು ಬೈಕಿನಿಂದ ಬಿದ್ದವರ ಗೊಂದಲವನ್ನು ‘ಇಳಿಯದ ಅಮಲು’ ಎಂದುಕೊಂಡು ಬಿಟ್ಟರೆ ತಲೆಬುರುಡೆಯೊಳಗಿನ ರಕ್ತಸ್ರಾವ ತಪ್ಪಿಹೋಗುತ್ತದೆ. ಅನುಮಾನ ಬಂದರೆ ಸಿ.ಟಿ. ಸ್ಕ್ಯಾನಿಗೆ ತಡ ಮಾಡುವಂತಿಲ್ಲ.

ಮನೆಯ ಚಿಕಿತ್ಸೆಯನ್ನು ಶುಕ್ರವಾರ ಶುರು ಮಾಡುವುದಿಲ್ಲ. ಮೂರನೇ ದಿನ ಭಾನುವಾರಕ್ಕೆ ಬೀಳುತ್ತದೆ, ಆಸ್ಪತ್ರೆಯಲ್ಲಿ ಕಡಿಮೆ ಜನ ಇರುವ ದಿನ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ನಡೆಯುವ ಮಂಗಳವಾರ ಶುರು ಮಾಡಿದರೆ ಕಠಿಣ ದಿನಗಳು ಗುರುವಾರ–ಶುಕ್ರವಾರಕ್ಕೆ ಬರುತ್ತವೆ. ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ಯಾರು ಎತ್ತುತ್ತಾರೆ ಎನ್ನುವುದು ಇದರ ಮೇಲೇ ನಿಂತಿದೆ.

ಮಾತ್ರೆಯ ಲೆಕ್ಕಕ್ಕೆ ಬರೋಣ. ಇದು ವೈದ್ಯರಿಗಾಗಿ ಬರೆದದ್ದು; ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ಕೊಳ್ಳುವುದಕ್ಕಲ್ಲ. ಪಿತ್ತಜನಕಾಂಗ ತಕ್ಕಮಟ್ಟಿಗೆ ಚೆನ್ನಾಗಿದ್ದರೆ ಕ್ಲೋರ್‌ಡಯಾಜೆಪಾಕ್ಸೈಡ್. ದಿನಕ್ಕೆ ಎರಡು ಕ್ವಾರ್ಟರ್ ಹಾಕುವ ಮಧ್ಯವಯಸ್ಸಿನವರಿಗೆ 25 ಮಿ.ಗ್ರಾಂ ಮಾತ್ರೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಎರಡು ಎಂದು ಸಾಮಾನ್ಯವಾಗಿ ಶುರು, ಒಟ್ಟು 100 ಮಿ.ಗ್ರಾಂ. ಎರಡು ದಿನ ಅಷ್ಟೇ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಏಳೆಂಟು ದಿನದಲ್ಲಿ ಮುಗಿಸುವುದು. ರಾತ್ರಿಯ ಮಾತ್ರೆ ಕೊನೆಗೆ ಹೋಗುತ್ತದೆ. ಒಂದು ಸಲಕ್ಕೆ ಎರಡು ದಿನದ ಮಾತ್ರೆ ಮಾತ್ರ, ಅದೂ ಮನೆಯವರ ಕೈಗೆ. ಕೊಡುವ ಹೊತ್ತಿಗೆ ತೂಕಡಿಸುತ್ತಿದ್ದರೆ ಆ ಹೊತ್ತಿನದು ಬೇಡ. ಕುಡಿದು ಬಂದಿದ್ದರೆ ಮುಟ್ಟಿಸಲೇ ಬಾರದು. ಎರಡೂ ಸೇರಿದರೆ ಉಸಿರು ಕುಗ್ಗುತ್ತದೆ.

ಕಾಮಾಲೆ, ಹೊಟ್ಟೆಯಲ್ಲಿ ನೀರು ಇದ್ದವರಿಗೆ ಇದೇ ಮಾತ್ರೆ ಕೊಟ್ಟರೆ ದೇಹದಿಂದ ಹೊರಹೋಗದೆ ಕೂಡುತ್ತ ಬಂದು ನಾಲ್ಕನೇ ದಿನ ಎಬ್ಬಿಸಿದರೂ ಏಳುವುದಿಲ್ಲ. ಅವರಿಗೆ ಲೋರಾಜೆಪಾಮ್. 25 ಮಿ.ಗ್ರಾಂ ಕ್ಲೋರ್‌ಡಯಾಜೆಪಾಕ್ಸೈಡಿಗೆ ಸುಮಾರು 1 ಮಿ.ಗ್ರಾಂ ಎಂಬ ಲೆಕ್ಕ ಇಟ್ಟುಕೊಂಡು, ಕಡಿಮೆಯಿಂದ ಶುರು ಮಾಡಿ, ನೋಡಿ ಏರಿಸಬೇಕು.

ವಾರ್ಡಿನಲ್ಲಿ, ಕುಡಿತ ಬಿಟ್ಟಾಗಿನ ಕಾಟ ಎಷ್ಟಿದೆ ಎಂದು ಅಳೆಯುವ ಸೀವಾ (CIWA-Ar) ಎಂಬ ಹತ್ತು ಅಂಶಗಳ ಪಟ್ಟಿಯಿಂದ ನರ್ಸ್ ಅಂಕ ಹಾಕುತ್ತಾರೆ. ಗರಿಷ್ಠ 67. 8ರ ಕೆಳಗಿದ್ದರೆ ಹೆಚ್ಚಿನ ಮಾತ್ರೆ ಬೇಡ, 15 ದಾಟಿದರೆ ಕಣ್ಣಳತೆಯಲ್ಲೇ ಇರಬೇಕು. ಈ ಪಟ್ಟಿಗೆ ಎರಡು ಕುಂದು ಇವೆ. ಅದರ ಅರ್ಧಕ್ಕೂ ಹೆಚ್ಚು ಭಾಗ ರೋಗಿಯ ಉತ್ತರದ ಮೇಲೆ ನಿಂತಿರುವುದರಿಂದ ಸನ್ನಿಯಲ್ಲಿದ್ದವರಿಗೆ ಉಪಯೋಗವಿಲ್ಲ. ಇನ್ನೊಂದು, ಅದರಲ್ಲಿ ನಾಡಿಯೂ ಇಲ್ಲ, ರಕ್ತದೊತ್ತಡವೂ ಇಲ್ಲ. ಅವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. ಬಿ.ಪಿ.ಗೆಂದು ಬೀಟಾ ಬ್ಲಾಕರ್ ನುಂಗುತ್ತಿರುವವರ ನಾಡಿ ಏರುವುದೇ ಇಲ್ಲ, ಆದ್ದರಿಂದ ಅದನ್ನು ನಂಬಿಯೂ ಕೂರುವಂತಿಲ್ಲ.

ಗ್ಲೂಕೋಸ್ ಬಾಟಲಿ

‘ಸುಸ್ತಾಗಿದ್ದಾನೆ, ಎರಡು ಬಾಟಲಿ ಹಾಕಿಬಿಡಿ’ ಎನ್ನುವುದು ನಮ್ಮ ಕಡೆಯ ಬೇಡಿಕೆ. ಊರೂರಿನ ಕ್ಲಿನಿಕ್ಕುಗಳಲ್ಲಿ ಹಾಕುತ್ತಾರೆ ಕೂಡ. ಇಡೀ ಚಿಕಿತ್ಸೆಯಲ್ಲಿ ಇಷ್ಟು ಸುಲಭವಾಗಿ ಆಗಿ, ಇಷ್ಟು ದೊಡ್ಡ ನಷ್ಟ ಮಾಡುವ ತಪ್ಪು ಇನ್ನೊಂದಿಲ್ಲ.

ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಮಿದುಳಿಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕು. ತಿಂಗಳುಗಟ್ಟಲೆ ಊಟ ಬಿಟ್ಟು ಕುಡಿದವರಲ್ಲಿ ಅದು ತಳ ಹಿಡಿದಿರುತ್ತದೆ, ಕರುಳೂ ಅದನ್ನು ಹೀರುವುದಿಲ್ಲ. ಆಗ ಒಮ್ಮೆಗೇ ಗ್ಲೂಕೋಸ್ ಸುರಿದರೆ ಉಳಿದ ಚೂರೂ ಖರ್ಚಾಗಿ ವರ್ನಿಕೆ ಎಂಬ ಸ್ಥಿತಿಗೆ ತಳ್ಳಿದಂತಾಗುತ್ತದೆ: ಗೊಂದಲ, ನಡೆದರೆ ತೂರಾಟ, ಕಣ್ಣಗುಡ್ಡೆ ಓಲಾಡುವುದು ಅಥವಾ ಪಕ್ಕಕ್ಕೆ ಹೊರಳದಿರುವುದು. ಈ ಮೂರೂ ಒಟ್ಟಿಗೆ ಸಿಗುವುದು ಕೆಲವರಲ್ಲಿ ಮಾತ್ರ, ಒಂದು ಕಂಡರೂ ಚಿಕಿತ್ಸೆ ಶುರು. ತಡವಾದರೆ ಹೊಸ ನೆನಪು ನಿಲ್ಲದ ಸ್ಥಿತಿ ಶಾಶ್ವತವಾಗಿ ಉಳಿಯುತ್ತದೆ. ಬೆಳಗ್ಗೆ ತಿಂದ ಮುದ್ದೆ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ; ಕೇಳಿದರೆ ಏನೋ ಒಂದು ಕಟ್ಟಿ ಹೇಳುತ್ತಾರೆ, ಸುಳ್ಳು ಹೇಳುತ್ತಿದ್ದೇವೆ ಎಂಬ ಅರಿವೂ ಇರುವುದಿಲ್ಲ.

ಆದ್ದರಿಂದ ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್. ಊಟ ಬಿಟ್ಟು ಬಂದವರಿಗೆಲ್ಲ ದಿನಕ್ಕೆ 200ರಿಂದ 300 ಮಿ.ಗ್ರಾಂ ಇಂಜೆಕ್ಷನ್ ಮೂರರಿಂದ ಐದು ದಿನ, ಬಳಿಕ ಮಾತ್ರೆ. ವರ್ನಿಕೆಯ ಅನುಮಾನವಿದ್ದರೆ 500 ಮಿ.ಗ್ರಾಂ ಅನ್ನು 100 ಮಿ.ಲೀ. ಸಲೈನಿನಲ್ಲಿ ಅರ್ಧ ಗಂಟೆ ಹರಿಸುವುದು, ದಿನಕ್ಕೆ ಮೂರು ಸಲ. ರಕ್ತದ ಸಕ್ಕರೆ ನಿಜವಾಗಿಯೂ ಕೆಳಗಿದ್ದರೆ ಗ್ಲೂಕೋಸ್ ತಡೆಹಿಡಿಯಬಾರದು. ಎರಡನ್ನೂ ಒಟ್ಟಿಗೇ ಕೊಡಬೇಕು. ಬೆರಳಿಗೆ ಚುಚ್ಚಿ ನೋಡಲು ಅರ್ಧ ನಿಮಿಷ ಸಾಕು. ಥಯಾಮಿನ್ ಕೊಟ್ಟರೂ ಗೊಂದಲ ಇಳಿಯದಿದ್ದರೆ ಮೆಗ್ನೀಷಿಯಂ ನೋಡಿ. ಅದಿಲ್ಲದೆ ಥಯಾಮಿನ್ ಕೆಲಸ ಮಾಡುವುದಿಲ್ಲ. ದಿನಕ್ಕೊಂದು ಬಿ-ಕಾಂಪ್ಲೆಕ್ಸ್ ಮಾತ್ರೆ ಈ ಜಾಗದಲ್ಲಿ ಲೆಕ್ಕಕ್ಕೇ ಇಲ್ಲ.

ಫಿಟ್ಸ್ ಬಂದವರ ಚೀಟಿಯಲ್ಲಿ ವರ್ಷಗಟ್ಟಲೆ ಫೆನಿಟೋಯಿನ್ ಎಂಬ ಫಿಟ್ಸ್ ಮಾತ್ರೆ ಮುಂದುವರಿಯುವುದನ್ನು ಕಾಣುತ್ತೇವೆ. ಕುಡಿತ ಬಿಟ್ಟಾಗ ಮಾತ್ರ ಬರುವ ಫಿಟ್ಸನ್ನು ಅದು ತಡೆಯುವುದಿಲ್ಲ. ಆದರೆ ಫಿಟ್ಸ್ ಒಂದೇ ಬದಿಗೆ ಬಂದಿದ್ದರೆ, ಕುಡಿಯುತ್ತಿದ್ದ ದಿನಗಳಲ್ಲೇ ಬಂದಿದ್ದರೆ, ಅಥವಾ ಬಿಟ್ಟು ವಾರದ ಮೇಲೆ ಬಂದಿದ್ದರೆ ಬೇರೆ ಕಾರಣ ಹುಡುಕಿ, ಆಮೇಲೆ ನಿರ್ಧರಿಸಬೇಕು.

ಸನ್ನಿಯ ರಾತ್ರಿ ಹೇಗಿರುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಟ್ಟರೆ ಆಸ್ಪತ್ರೆಗೆ ಬೇಗ ಬರುತ್ತಾರೆ. ಬಟ್ಟೆಯಿಂದ ಏನೋ ಹೆಕ್ಕುವುದು, ಇಲ್ಲದ ಹಾವನ್ನು ಹೊಡೆಯುವುದು, ಯಾರೋ ಬಂದರೆಂದು ಬಾಗಿಲಿಗೆ ಓಡುವುದು. ತನ್ನ ದಿನದ ಕೆಲಸವನ್ನೇ ಗಾಳಿಯಲ್ಲಿ ಮಾಡುವುದೂ ಉಂಟು. ಡ್ರೈವರ್ ಸ್ಟೀರಿಂಗ್ ತಿರುಗಿಸುತ್ತಾರೆ, ಶಿಡ್ಲಘಟ್ಟದ ರೇಷ್ಮೆ ರೀಲರ್ ಬಾಣಲೆಯಿಂದ ಎಳೆ ಹಿಡಿದು ಸುತ್ತುತ್ತಾರೆ. ಹೀಗಾದಾಗ ಕಟ್ಟಿಹಾಕಿ ಬೆಳಗಾಗಲಿ ಎಂದು ಕಾಯುವುದಲ್ಲ, 108. ವಾರ್ಡಿನಲ್ಲಿ ದೀಪ ಆರಿಸುವುದಿಲ್ಲ, ಪರಿಚಯದ ಒಂದು ಮುಖ ಪಕ್ಕದಲ್ಲಿರಬೇಕು, ಇಂಜೆಕ್ಷನ್ ಲೋರಾಜೆಪಾಮ್ ಅಥವಾ ಡಯಾಜೆಪಾಮ್ ಉಸಿರು ನೋಡಿಕೊಂಡು ಕೊಡುತ್ತೇವೆ. ಗಲಾಟೆ ಅಡಗಿಸಲು ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟರೆ ಫಿಟ್ಸಿನ ಬಾಗಿಲು ತೆರೆದಂತೆ. ಬೇಕಾದರೆ ಜೊತೆಗೆ ಮಾತ್ರ. ಜ್ವರವಿದ್ದರೆ ನ್ಯುಮೋನಿಯಾ ಹುಡುಕುತ್ತೇವೆ.

ಕುಡಿತದ ಕೆಳಗೆ ಏನಿದೆ

ಮೊದಲ ವಾರದಲ್ಲಿ ಎಲ್ಲರೂ ಅಳುತ್ತಾರೆ, ಯಾರಿಗೂ ನಿದ್ದೆ ಬರುವುದಿಲ್ಲ. ಆ ವಾರವೇ ಖಿನ್ನತೆ ಎಂದು ಬರೆದು ಮಾತ್ರೆ ಶುರು ಮಾಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಬಿಟ್ಟು ಎರಡರಿಂದ ನಾಲ್ಕು ವಾರ ಕಳೆದರೆ ಬಹಳಷ್ಟು ಜನರ ಬೇಸರ ತಾನಾಗಿ ತಿಳಿಯಾಗುತ್ತದೆ. ಉಳಿದುಕೊಂಡದ್ದಕ್ಕೆ ಚಿಕಿತ್ಸೆ ಬೇಕು. ಇಲ್ಲಿ ಮಾಲೆ ನಮಗೆ ಸಹಾಯಕ್ಕೆ ಬರುತ್ತದೆ. ‘ಹೋದ ವರ್ಷ ಮಾಲೆಯಲ್ಲಿದ್ದಾಗ ಎರಡನೇ ತಿಂಗಳ ಹೊತ್ತಿಗೆ ಮನಸ್ಸು ಹೇಗಿತ್ತು?’ ‘ಆವಾಗಲೂ ಯಾವುದೂ ಬೇಡ ಅನ್ನಿಸುತ್ತಿತ್ತು’ ಎಂದರೆ ಕುಡಿತ ಮೇಲಿನ ಪದರ, ಕೆಳಗೆ ಬೇರೆ ಕಾಯಿಲೆ ಇದೆ. ಆಗ ಎರಡು ವಾರ ಕಾಯುವುದೂ ಬೇಡ. ವರ್ಷಕ್ಕೊಮ್ಮೆ ಹದಿನೈದು ದಿನ ಮಾತ್ರ ಅತಿಯಾಗಿ ಕುಡಿದು, ನಿದ್ದೆಯಿಲ್ಲದೆ ಓಡಾಡಿ, ಹಣ ಚೆಲ್ಲುವವರಲ್ಲಿ ಬೈಪೋಲಾರ್ (ಉನ್ಮಾದ–ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ನೋಡಬೇಕು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಏರುತ್ತದೆ. ಕುಡಿತದ ಚಿಕಿತ್ಸೆಗೆ ಮನೋವೈದ್ಯರೇ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಬಹುಪಾಲು ಈ ಒಂದು ಪ್ಯಾರಾದಲ್ಲಿದೆ.

ಹೆಂಡತಿಯ ಮೇಲಿನ ಸಂಶಯವನ್ನು ಬೇರೆಯಾಗಿಯೇ ಹೇಳಬೇಕು. ವರ್ಷಗಳ ಕುಡಿತದಿಂದ ಗಂಡಸುತನ ಕುಗ್ಗುತ್ತದೆ, ಹೆಂಡತಿ ದೂರ ಮಲಗುತ್ತಾಳೆ, ಅದಕ್ಕೆ ಅವನು ಕಂಡುಕೊಳ್ಳುವ ಕಾರಣ ಪಕ್ಕದ ಮನೆಯವನು. ಫೋನ್ ಹುಡುಕುವುದು, ಬಟ್ಟೆ ಪರೀಕ್ಷಿಸುವುದು, ಕೆಲಸದ ಜಾಗಕ್ಕೆ ಹಿಂಬಾಲಿಸುವುದು ಕುಡಿಯದ ದಿನವೂ ನಡೆಯುತ್ತಿದ್ದರೆ ಅದು ಭ್ರಮೆ. ಅದಕ್ಕೆ ಬೇರೆ ಮಾತ್ರೆ ಬೇಕು, ಹೆಂಡತಿಯ ಸುರಕ್ಷತೆಯ ಏರ್ಪಾಡೂ ಬೇಕು. ಗಂಡನ ಎದುರು ಯಾರೂ ಇದನ್ನು ಬಾಯಿಬಿಡುವುದಿಲ್ಲ. ಹಾಗಾಗಿ ಪ್ರತಿ ಹೊಸ ಕೇಸಿನಲ್ಲೂ ಹೆಂಡತಿಯನ್ನು ಹತ್ತು ನಿಮಿಷ ಒಬ್ಬರನ್ನೇ ಕೂರಿಸಿ ಮಾತಾಡಿಸುವುದು ನಮ್ಮ ಓ.ಪಿ.ಡಿ.ಯ ನಿಯಮ.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳುತ್ತೇವೆ. ಕೇಳಿದ್ದರಿಂದ ಯಾರ ತಲೆಗೂ ಅದು ಹೊಸದಾಗಿ ಬರುವುದಿಲ್ಲ. ತೋಟದ ಮನೆಯವರಾದರೆ ಬೆಳೆಗೆ ಹೊಡೆಯುವ ಔಷಧಿ ಡಬ್ಬಗಳನ್ನು ಬೀಗದೊಳಗೆ ಅಥವಾ ಬೇರೆಯವರ ಮನೆಗೆ ಸಾಗಿಸಲು ಅವತ್ತೇ ಹೇಳುತ್ತೇವೆ. ರಾತ್ರಿ ಹೊತ್ತಿಗೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಸಾರಿನಲ್ಲಿ ಕಲಸುವ ಮಾತ್ರೆ

ಡೈಸಲ್ಫಿರಾಮ್ ಬಗ್ಗೆ ಎರಡು ಅತಿರೇಕದ ನಂಬಿಕೆಗಳಿವೆ. ಒಂದು, ಗೊತ್ತಾಗದಂತೆ ಸಾರಿನಲ್ಲಿ ಕಲಸಿಕೊಟ್ಟರೆ ತಾನೇ ಬಿಡುತ್ತಾನೆ. ಇನ್ನೊಂದು, ಅದು ವಿಷ. ಈ ಮಾತ್ರೆ ಮದ್ಯದ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಮದ್ಯ ಒಡೆದು ಹುಟ್ಟುವ ಅಸಿಟಾಲ್ಡಿಹೈಡನ್ನು ಮುಂದೆ ಒಡೆಯದಂತೆ ತಡೆಯುತ್ತದೆ, ಅಷ್ಟೇ. ಮೇಲೆ ಕುಡಿದರೆ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಬಿ.ಪಿ. ಬೀಳುತ್ತದೆ. ಹೃದಯದ ತೊಂದರೆ ಇದ್ದವರು ಸಾಯಬಹುದು. ಹಾಗಾದರೆ ಇದು ಹೇಗೆ ಕೆಲಸ ಮಾಡುತ್ತದೆ? ‘ಇವತ್ತು ಮಾತ್ರೆ ನುಂಗಿದ್ದೇನೆ, ಇವತ್ತು ಆಗುವುದಿಲ್ಲ’ ಎಂದು ಬೆಳಗ್ಗೆಯೇ ತೀರ್ಮಾನ ಮುಗಿದುಹೋಗುತ್ತದೆ. ಸಂಜೆ ಬಾರಿನ ಮುಂದೆ ಮತ್ತೆ ಯೋಚಿಸಬೇಕಾಗಿಲ್ಲ. ಮಾತ್ರೆ ಇದೆ ಎಂಬುದು ಗೊತ್ತಿಲ್ಲದವರಿಗೆ ಆ ತೀರ್ಮಾನವೇ ಇಲ್ಲ. ಕದ್ದು ಕೊಡುವುದು ಅಪಾಯಕಾರಿ ಅಷ್ಟೇ ಅಲ್ಲ, ದಂಡವೂ ಹೌದು.

ನಾವು ಕೊಡುವ ಕ್ರಮ ಹೀಗೆ. ಕೊನೆಯ ಏಟಿನಿಂದ ಕನಿಷ್ಠ 24 ಗಂಟೆ ದಾಟಿರಬೇಕು (ನಿಯಮದಲ್ಲಿ 12 ಸಾಕು, ನಮ್ಮವರ ಗಂಟೆಯ ಲೆಕ್ಕವನ್ನು ನಾನು ನಂಬುವುದಿಲ್ಲ). ಪಿತ್ತಜನಕಾಂಗದ ಪರೀಕ್ಷೆ, ಇ.ಸಿ.ಜಿ. ಆಗಿರಬೇಕು. ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ರೋಗಿ ಮತ್ತು ಮನೆಯವರೊಬ್ಬರು ಸಹಿ ಹಾಕಬೇಕು. 250 ಮಿ.ಗ್ರಾಂ, ದಿನಕ್ಕೊಂದು. ಈ ಮಾತ್ರೆ ನುಂಗುತ್ತಿದ್ದೇನೆ ಎಂದು ಬರೆದ ಒಂದು ಚೀಟಿ ಜೇಬಿನಲ್ಲಿರಬೇಕು. ಕುಡಿಯದಿದ್ದರೂ ಪ್ರತಿಕ್ರಿಯೆ ತರುವವುಗಳ ಪಟ್ಟಿ ಬೇರೆ: ಕೆಲವು ಕೆಮ್ಮಿನ ಸಿರಪ್ಪು, ಟಾನಿಕ್ಕು, ಶೇವಿಂಗ್ ಆದ ಮೇಲೆ ಹಚ್ಚುವ ಲೋಷನ್. ನಮ್ಮ ಜನ ಮರೆಯುವುದು ಆಸವ–ಅರಿಷ್ಟಗಳನ್ನು. ಹುದುಗಿಸಿ ಮಾಡಿದ್ದರಿಂದ ಅವುಗಳಲ್ಲಿ ಮದ್ಯಸಾರ ತಾನಾಗಿ ಹುಟ್ಟಿರುತ್ತದೆ. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಅಪಾಯ ಉಳಿದಿರುತ್ತದೆ. ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಪಿತ್ತಜನಕಾಂಗ ನೋಡುತ್ತೇವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅದೇ ದಿನ ನಿಲ್ಲಿಸಬೇಕು. ಪಾದ ಉರಿ, ಹೊಸದಾಗಿ ಬಂದ ಭ್ರಮೆ ಕೂಡ ನಿಲ್ಲಿಸುವ ಕಾರಣಗಳೇ. ಹಲ್ಲುನೋವಿಗೋ ಭೇದಿಗೋ ಮೆಟ್ರೊನಿಡಜೋಲ್ ಬರೆಯುವ ವೈದ್ಯರಿಗೆ ಜೇಬಿನ ಆ ಚೀಟಿ ತೋರಿಸಬೇಕು. ಇವೆರಡೂ ಸೇರಿದರೆ ತಲೆ ಕೆಡಬಹುದು.

ಕೈಯಿಂದ ಕೊಡುವವರು ಇದ್ದರೆ ಮಾತ್ರ ಡೈಸಲ್ಫಿರಾಮ್ ನಿಲ್ಲುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ, ನೀರಿನಲ್ಲಿ ಕದಡಿ, ಎದುರಿನಲ್ಲಿ ಕುಡಿಯುವುದು. ಕೊಟ್ಟವರು ಒಂದು ಥ್ಯಾಂಕ್ಸ್ ಹೇಳಿ ಸುಮ್ಮನಾಗಬೇಕು, ‘ಬಾಯಿ ತೆಗಿ ನೋಡೋಣ’ ಎಂದರೆ ವಾರದಲ್ಲಿ ಯುದ್ಧ. ಕೊಡುವವರಿಲ್ಲದವರಿಗೆ ನಾಲ್ಟ್ರೆಕ್ಸೋನ್ ಮೇಲು. 50 ಮಿ.ಗ್ರಾಂ, ಊಟದ ಮೇಲೆ, ಮೊದಲ ಕೆಲವು ದಿನ ಅರ್ಧ ಮಾತ್ರೆ. ಕುಡಿದರೂ ಕಿಕ್ ಅಷ್ಟಾಗಿ ಬರುವುದಿಲ್ಲ, ಒಂದು ಏಟು ಮೂರಾಗುವುದು ತಗ್ಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ ಇದನ್ನು ಕೊಟ್ಟರೆ ತಕ್ಷಣ ವಿಪರೀತ ಕಾಟ ಶುರುವಾಗುತ್ತದೆ, ಏಳರಿಂದ ಹತ್ತು ದಿನ ಅವು ನಿಂತಿರಬೇಕು. ಪಿತ್ತಜನಕಾಂಗ ಕೆಟ್ಟು ಮೂತ್ರಪಿಂಡ ಚೆನ್ನಾಗಿದ್ದರೆ ಅಕಾಂಪ್ರೊಸೇಟ್ 333 ಮಿ.ಗ್ರಾಂ, ಎರಡೆರಡರಂತೆ ಮೂರು ಹೊತ್ತು. ತೂಕ 60 ಕೆ.ಜಿ.ಗಿಂತ ಕಡಿಮೆಯಿದ್ದರೆ ದಿನಕ್ಕೆ ನಾಲ್ಕು ಸಾಕು. ದಿನಕ್ಕೆ ಆರು ಮಾತ್ರೆ ನುಂಗುವಷ್ಟು ತಾಳ್ಮೆ ಕೂಲಿಗೆ ಹೋಗುವವರಿಗೆ ಕಷ್ಟ, ಮಧ್ಯಾಹ್ನದ್ದು ತಪ್ಪಿಯೇ ತಪ್ಪುತ್ತದೆ. ಸಿರೋಸಿಸ್ ಆದವರಿಗೆ ಬ್ಯಾಕ್ಲೋಫೆನ್ 5 ಮಿ.ಗ್ರಾಂನಿಂದ ಶುರು, ಮೂರು ಹೊತ್ತು, 10ಕ್ಕೆ ಏರಿಕೆ. ಅದನ್ನು ತಟ್ಟನೆ ನಿಲ್ಲಿಸಬಾರದು.

ಎತ್ತಿಕೊಂಡು ಹೋಗುವ ವ್ಯಾನು

ರಾತ್ರಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗಿ ಆರು ತಿಂಗಳು ಇಟ್ಟುಕೊಳ್ಳುವ, ಕುಡಿತ ಬಿಡಿಸುವ ಕೇಂದ್ರಗಳಿವೆ. ಬೇಸತ್ತ ಮನೆಯವರನ್ನು ನಾನು ದೂರುವುದಿಲ್ಲ. ಆದರೆ ಹೊರಡುವ ಮುಂಚೆ ಕೇಳಬೇಕಾದವು ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ–ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಯೂ ಮಾನಸಿಕ ಕಾಯಿಲೆಯೇ. ಆದ್ದರಿಂದ ಅಂಥವರನ್ನು ಒಳರೋಗಿಗಳಾಗಿ ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿಯಾಗಿರಬೇಕು. ತಾನೇ ಒಪ್ಪಿ ಬಂದವರು 86ನೇ ಕಲಮಿನಡಿ ದಾಖಲಾಗುತ್ತಾರೆ. ಒಪ್ಪಲಾಗದ ಸ್ಥಿತಿಯಲ್ಲಿದ್ದು ತನಗೋ ಇತರರಿಗೋ ಅಪಾಯವಿದ್ದರೆ 89ನೇ ಕಲಮು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವಧಿ 30 ದಿನ ಮೀರುವಂತಿಲ್ಲ. ಮೀರಬೇಕಾದರೆ 90ನೇ ಕಲಮಿನ ದಾರಿ ಬೇರೆ. ಸರಪಳಿ ಹಾಕುವುದನ್ನು 95ನೇ ಕಲಮು ಪೂರ್ತಿ ನಿಷೇಧಿಸುತ್ತದೆ. ಕೇಂದ್ರದವರನ್ನು ಕೇಳಿ: ಮೊದಲ ನಾಲ್ಕು ರಾತ್ರಿ ವೈದ್ಯರು ಯಾರು, ನರ್ಸ್ ಇದ್ದಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಫೋನಿನಲ್ಲಿ ಮಾತಾಡಿಸುತ್ತೀರಾ? ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬರಬಹುದು.

ಕೋಲಾರದ ಕಡೆ ಮದ್ಯದಷ್ಟು ಮಾತಾಗದವುಗಳ ಬಗ್ಗೆ ಎರಡೇ ಸಾಲು. ಹುಡುಗರು ನೋವಿನ ಮಾತ್ರೆ ಟಪೆಂಟಡಾಲನ್ನು ಪುಡಿ ಮಾಡಿ ಚುಚ್ಚಿಕೊಳ್ಳುತ್ತಿದ್ದರೆ ಬ್ಯುಪ್ರೆನಾರ್ಫಿನ್–ನಲಾಕ್ಸೋನ್ ನಾಲಿಗೆಯಡಿ ಇಡುವ ಮಾತ್ರೆಯಿದೆ. ಕಾಟ ಚೆನ್ನಾಗಿ ಶುರುವಾದ ಮೇಲೇ ಮೊದಲ ಮಾತ್ರೆ, ಮುಂಚೆ ಕೊಟ್ಟರೆ ಕಾಟ ಇಮ್ಮಡಿಯಾಗುತ್ತದೆ. ಗಾಂಜಾಗೆ ಇಂಥ ನಿರ್ದಿಷ್ಟ ಮಾತ್ರೆ ಇಲ್ಲ, ನಿದ್ದೆ–ಸಿಡುಕು ನೋಡಿಕೊಂಡು ಮಾತಿನ ಚಿಕಿತ್ಸೆಯೇ.

ಬಿಟ್ಟ ಮೇಲಿನ ವರ್ಷ

ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ವರ್ಷದವರೆಗೆ ತಿಂಗಳಿಗೊಮ್ಮೆ ಬರಬೇಕು. ಕುಡಿದರೂ ಬರಬೇಕು ಎಂದು ಮೊದಲ ದಿನವೇ ಹೇಳಿಬಿಡುತ್ತೇವೆ. ಬೈಸಿಕೊಳ್ಳುವ ಭಯಕ್ಕೇ ಜನ ಬರುವುದನ್ನು ನಿಲ್ಲಿಸುತ್ತಾರೆ. ಪ್ರತಿ ಸಲ ಕೇಳುವುದು ಯಾವ ದಿನ, ಯಾವ ಜಾಗ, ಜೇಬಿನಲ್ಲಿ ಎಷ್ಟಿತ್ತು, ಊಟ ಆಗಿತ್ತೇ. ಉತ್ತರಗಳು ಬೇಗನೇ ಒಂದು ನಮೂನೆಗೆ ಬರುತ್ತವೆ: ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ದುಡ್ಡು ಕೈಗೆ ಬಂದ ದಿನ, ಶನಿವಾರದ ಬಟವಾಡೆ, ತಿಥಿ ಮನೆಯ ಬಾಡೂಟ, ಟೊಮೇಟೊ ರೇಟು ಬಿದ್ದ ದಿನ, ಟೊಮೇಟೊ ರೇಟು ಏರಿದ ದಿನವೂ. ಪರಿಹಾರ ಅಷ್ಟೇ ಸಣ್ಣದಿರುತ್ತದೆ. ಗೂಡಿನ ಹಣ ಹೆಂಡತಿಯ ಖಾತೆಗೆ, ಮಾರುಕಟ್ಟೆಗೆ ಮಗನ ಜೊತೆ, ಸಂಜೆ ಟ್ರೈನ್ ಇಳಿಯುವ ಮುಂಚೆ ಬ್ಯಾಗಿನಲ್ಲಿ ಇಟ್ಟುಕೊಂಡ ಬಾಳೆಹಣ್ಣು. ಹಸಿದ ಹೊಟ್ಟೆಯಲ್ಲಿ ಬಾರಿನ ಮುಂದೆ ಹಾದುಹೋಗುವುದು ಎಲ್ಲಕ್ಕಿಂತ ಕಷ್ಟ.

ರಕ್ತ ಪರೀಕ್ಷೆಯಲ್ಲಿ ಪಿತ್ತಜನಕಾಂಗದ ಸ್ಥಿತಿ ತೋರಿಸುವ ಜಿ.ಜಿ.ಟಿ. ಅಂಕಿಯನ್ನು ನಾನು ರೋಗಿಯ ಕೈಗೇ ಕೊಡುತ್ತೇನೆ. ಕುಡಿತ ನಿಂತರೆ ಅದು ಎರಡು ಮೂರು ವಾರಕ್ಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣದ ಗಾತ್ರ ಸರಿಯಾಗಲು ಮೂರು ತಿಂಗಳು ಬೇಕು. ಇನ್ನೂ ಮನೆಯಲ್ಲಿ ಯಾರೂ ನಂಬದ ಆ ಮೂರನೇ ವಾರದಲ್ಲಿ, 310 ಇದ್ದದ್ದು 150 ಆದ ಕಾಗದವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಮಾಲೆ ಹಾಕಿದವರ ಫೈಲಿನ ಮೇಲೆ ಇನ್ನೊಂದು ತಾರೀಖು ಬರೆದಿರುತ್ತದೆ, ಮಾಲೆ ಬಿಚ್ಚುವ ದಿನದ್ದು. ಅದರ ಹಿಂದಿನ ವಾರ ಫೋನ್ ಮಾಡಿ ಕರೆಸಿ, ಶಬರಿಮಲೆಯಿಂದ ವಾಪಸು ಬರುವ ಟೆಂಪೋ ಎಲ್ಲಿ ನಿಲ್ಲುತ್ತದೆ, ಜೊತೆಯಲ್ಲಿ ಯಾರಿರುತ್ತಾರೆ, ಮನೆಗೆ ಬಂದ ರಾತ್ರಿ ಊಟಕ್ಕೆ ಏನು ಎಂಬಲ್ಲಿಯವರೆಗೆ ಕೂತು ಬರೆದುಕೊಳ್ಳುತ್ತೇವೆ; ಡೈಸಲ್ಫಿರಾಮ್ ಒಪ್ಪಿದವರಿಗೆ ಮಾಲೆ ಬಿಚ್ಚುವ ಮೂರು ದಿನ ಮುಂಚೆಯೇ ಮೊದಲ ಮಾತ್ರೆ ಆಗಿರುತ್ತದೆ.